ಪಡುಗೋಡೆಗೆ ಹೊದಿಸಿದ್ದು

ನನಗೆ ಕೋಪ ಜಾಸ್ತಿ. ಗಂಡ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಏಕೆಂದರೆ ಇಲ್ಲಿ ಬರೆಯುತ್ತಿರುವ ವಿಷಯದಲ್ಲಿ ತಪ್ಪೆಲ್ಲ ನನ್ನದು, ಆದರೆ ನಾನು ರೇಗಾಡಿದ್ದು ಮಾತ್ರ ಕಂಡಕಂಡವರ ಮೇಲೆ.

ಜೆಪ್ಪಿನಲ್ಲಿರುವ ನಮ್ಮ ಮನೆ ಪಶ್ಚಿಮಕ್ಕೆ ಮುಖ ಮಾಡಿದೆ. ರಸ್ತೆ ಆ ಬದಿಗೆ, ಸಮುದ್ರವೂ ಆ ಬದಿಗೆ. ಹಾಗಾಗಿ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ಪಡುಗೋಡೆ, ಮಳೆ ಬಂದು ಬಡಿಯುವುದೂ ಅದಕ್ಕೇ. ಜಂಬಿಟ್ಟಿಗೆಯಂಥ ಕೆಂಪು ಮುರಕಲ್ಲಿನ ಗೋಡೆ, ಮೇಲೆ ಸಿಮೆಂಟಿನ ಸಾರಣೆ. ಅದರ ಹಿಂದೆ ಮಗಳ ಕೋಣೆ. ಅತ್ತೆ ಇದ್ದ ಕಾಲದಲ್ಲಿ ಮೇ ತಿಂಗಳ ಕೊನೆಗೆ ಮಾಡಿನ ಅಂಚಿನ ಕಬ್ಬಿಣದ ಕೊಕ್ಕೆಗಳಿಗೆ ಬಿದಿರು ಕಟ್ಟಿ, ಹೆಣೆದ ತೆಂಗಿನ ಮಡಲುಗಳನ್ನು ಗೋಡೆಯ ಮುಂದೆ ಇಳಿಬಿಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಬಿಚ್ಚಿದರೆ ಬಚ್ಚಲಿನ ಒಲೆಗೆ ಸೌದೆ. ಇಡೀ ಮಳೆಗಾಲ ನಮ್ಮ ಮನೆ ಕಂಬಳಿ ಹೊದ್ದು ಕೂತ ಮುದುಕಿಯ ಹಾಗೆ ಕಾಣುತ್ತಿತ್ತು. ಸುತ್ತಲಿನ ಮನೆಗಳೆಲ್ಲ ಬಣ್ಣ ಬಳಿದುಕೊಂಡು ನಿಂತಿರುವಾಗ ನನಗೆ ನಾಚಿಕೆಯಾಗುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಮಡಲಿನ ಜಾಗಕ್ಕೆ ನೀಲಿ ಟರ್ಪಾಲು ಬಂತು. ಮಗಳ ಮದುವೆ ನಿಶ್ಚಯವಾದಾಗ ಟರ್ಪಾಲೂ ಬೇಡ ಎಂದೆ.

"ಮತ್ತೆ ಎಂತ ಹಾಕುದು?" ಎಂದು ಗಂಡ ಕೇಳಿದರು. ಪಣಂಬೂರಿನ ಬಂದರಿನಲ್ಲಿ ಕ್ರೇನುಗಳ ಸದ್ದಿನ ನಡುವೆ ಕೆಲಸ ಮಾಡಿ ನಿವೃತ್ತರಾದವರು ಅವರು. ಅಲ್ಲಿ ಕಿರುಚಿ ಕಿರುಚಿ ಸಾಕಾಯಿತೋ ಏನೋ, ಮನೆಯಲ್ಲಿ ಮಾತು ಕಡಿಮೆ.

"ಟೈಲ್ಸ್."

"ಟೈಲ್ಸ್ ಬೇಡ ಅಂತ ಕಾಣ್ತದೆ ಮಾರಾಯ್ತಿ."

"ಯಾಕೆ?"

"ಹಾಗೇ ಕಾಣ್ತದೆ."

"ನಿಮಗೆ ಹಾಗೇ ಕಾಣ್ತದೆ ಅಂತ ನಾನು ಬೀಗರ ಮುಂದೆ ಟರ್ಪಾಲು ತೋರಿಸ್ಲಾ?" ಎಂದೆ. ಅಲ್ಲಿಗೆ ಚರ್ಚೆ ಮುಗಿಯಿತು.

ಅಂಗಡಿಗೆ ಹೋಗಿ ನಾನೇ ಆರಿಸಿದೆ. ಒರಟು ಕಲ್ಲು ಜೋಡಿಸಿದ ಹಾಗೆ ಚಿತ್ರವಿದ್ದ, ನೀರು ಬಿದ್ದರೆ ಜಾರುವಂಥ ಹೊಳಪಿನ ಟೈಲ್ಸ್. ನಿಜವಾದ ಕಲ್ಲಿನ ಗೋಡೆಗೆ ಕಲ್ಲಿನ ಚಿತ್ರ ಅಂಟಿಸುತ್ತಿದ್ದೇನೆ ಎಂಬುದು ಆಗ ಹೊಳೆಯಲೇ ಇಲ್ಲ. ಮದುವೆಗೆ ಬಂದವರೆಲ್ಲ ಚಂದ ಉಂಟು, ಲಾಯ್ಕ್ ಉಂಟು ಎಂದರು. ನಾನು ಉಬ್ಬಿಹೋದೆ.

ನಮ್ಮ ತುಳುವರಲ್ಲಿ ಮದುವೆಯಾದ ಮೊದಲ ವರ್ಷ ಆಟಿ ತಿಂಗಳಲ್ಲಿ ಮಗಳನ್ನು ತವರಿಗೆ ಕರೆದುಕೊಂಡು ಬರುವ ಕ್ರಮವಿದೆ. ಆಟಿಯೆಂದರೆ ಮಳೆ ತಲೆಯೆತ್ತಲು ಬಿಡದ ತಿಂಗಳು. ಮಗಳನ್ನು ಕೊಟ್ಟಿರುವುದು ದೇರೆಬೈಲಿಗೆ. ನಮ್ಮದೇ ಊರಿನ ಇನ್ನೊಂದು ತುದಿ, ಬೇಕೆಂದಾಗ ಬಂದು ಚಹಾ ಕುಡಿದು ಹೋಗಬಹುದು. ಆದರೂ ಕ್ರಮ ಕ್ರಮವೇ. ಅವಳು ಚೀಲ ತುಂಬಿಕೊಂಡು ಬಂದಳು, ನಾನು ಪತ್ರೊಡೆ ಮಾಡಿದೆ. ಎರಡನೆಯ ದಿನವೇ ಅವಳಿಗೆ ಕೆಮ್ಮು ಶುರುವಾಯಿತು. ಮೂರನೆಯ ದಿನ ಉಸಿರಿನ ಜೊತೆ ಸುಂಯ್ ಎಂಬ ಸದ್ದು.

ಆ ಸದ್ದು ನನಗೆ ಗೊತ್ತು. ಅವಳು ಚಿಕ್ಕವಳಿದ್ದಾಗ ದಮ್ಮು ಇತ್ತು. ಹತ್ತು ವರ್ಷದ ಹೊತ್ತಿಗೆ ಅದಾಗಿಯೇ ಬಿಟ್ಟುಹೋಗಿತ್ತು. ಅಷ್ಟರವರೆಗೆ ಅವಳ ಎದೆಗೆ ಕಿವಿಯಿಟ್ಟು ಕೂತ ದಿನಗಳನ್ನು ನಾನು ಲೆಕ್ಕ ಇಟ್ಟವಳಲ್ಲ. ಅದೇ ಸದ್ದು ಮದುವೆಯಾದ ಹೆಣ್ಣಿನ ಎದೆಯಲ್ಲಿ ಮತ್ತೆ ಕೇಳಿಸಿತು. ನಾಲ್ಕನೆಯ ದಿನ ಅಳಿಯ ಬಂದು ಕರೆದುಕೊಂಡು ಹೋದರು. ಐದನೆಯ ಮಹಡಿಯ ಫ್ಲ್ಯಾಟು, ಗಾಳಿ ಬೆಳಕು ಎಲ್ಲ ಇರುವಂಥದ್ದು. ಎರಡೇ ದಿನಕ್ಕೆ ಗುಣವಾಯಿತು. ಅವಳ ಅತ್ತೆ ಫೋನಿನಲ್ಲಿ, "ಬೇಜಾರು ಮಾಡ್ಬೇಡಿ, ಅಲ್ಲಿ ಸ್ವಲ್ಪ ತಂಡಿ ಜಾಸ್ತಿ ಅಲ್ವಾ?" ಎಂದರು. ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ನನಗೆ ಪಿಸುರು ಬಂತು, ಮೂಗಿನ ತುದಿಗೇ ಸಿಟ್ಟು.

ಅಲ್ಲಿಂದ ನನ್ನ ತನಿಖೆ ಶುರು. ಕೋಣೆಯ ಒಳಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು, ಮೂಲೆಯಲ್ಲಿ ಕಪ್ಪು ಬೂಸಲು. ಬಚ್ಚಲಿನ ಪೈಪು ಸೋರುತ್ತಿದೆ ಎಂದು ಪ್ಲಂಬರನಿಗೆ ಬೈದೆ. ಒದ್ದೆ ಬನಿಯನ್ ಒಳಗೆ ಒಣಗಹಾಕುತ್ತೀರಿ ಎಂದು ಗಂಡನಿಗೆ ಬೈದೆ. ಕಿಟಕಿ ತೆರೆಯುವುದಿಲ್ಲ ಎಂದು ಮನೆಯಲ್ಲಿಲ್ಲದ ಮಗಳಿಗೂ ಬೈದೆ. ಒಳಗಿನಿಂದ ವಾಟರ್‌ಪ್ರೂಫ್ ಪೈಂಟು ಹೊಡೆಸಿದೆ. ಎರಡು ತಿಂಗಳಲ್ಲಿ ಅದು ಸುಟ್ಟ ಹಪ್ಪಳದ ಹಾಗೆ ಎದ್ದು ಬಂತು. ಹಿಂದೆಲ್ಲ ದೀಪಾವಳಿಯ ಹೊತ್ತಿಗೆ ಒಣಗಿ ಗರಿಗರಿಯಾಗುತ್ತಿದ್ದ ಗೋಡೆ ಫೆಬ್ರವರಿಯಲ್ಲೂ ತಣ್ಣಗೆ ಜಿಡ್ಡುಜಿಡ್ಡಾಗಿತ್ತು. ಅದು ನನಗೆ ಕಾಣುತ್ತಿರಲಿಲ್ಲ ಎಂದಲ್ಲ. ಕಂಡರೆ ಮುಂದೆ ಯೋಚಿಸಬೇಕಾಗುತ್ತದೆ, ಅದಕ್ಕೆ ನೋಡುತ್ತಿರಲಿಲ್ಲ.

ಆ ಫೆಬ್ರವರಿಯಲ್ಲೇ ಮಗಳ ಫೋನು ಬಂತು. ಮೂರು ತಿಂಗಳು, ಹೆರಿಗೆ ಆಗಸ್ಟಿಗೆ. ನಾನು ಖುಷಿಗೆ ಫೋನು ಹಿಡಿದುಕೊಂಡೇ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ನಡೆದೆ. ಆಮೇಲೆ ಅವಳ ಸ್ವರ ಸಣ್ಣದಾಯಿತು.

"ಅಮ್ಮ, ಡಾಕ್ಟ್ರು ಹೇಳಿದ್ರು, ಒದ್ದೆ ಗೋಡೆ ಇರುವ ಕೋಣೆಯಲ್ಲಿ ಮಲಗ್ಲೇಬಾರ್ದು ಅಂತೆ. ದಮ್ಮು ಬಂದ್ರೆ ಮಗುವಿಗೂ ತೊಂದ್ರೆ ಅಂತೆ. ಬಾಣಂತನ ಇಲ್ಲೇ ಮಾಡುವ ಅಂತಿದ್ದಾರೆ ಅತ್ತೆ."

"ನಿನಗೆ ಎಂತ ಅನ್ನಿಸ್ತದೆ?"

"ನಂಗೆ ಅಲ್ಲಿಗೆ ಬರ್ಬೇಕು ಅಂತ ಉಂಟು. ಆದ್ರೆ ಹೆದರಿಕೆ ಆಗ್ತದೆ ಅಮ್ಮ."

ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನನಗೆ ಬರೀ ಕ್ರಮದ ಮಾತಾಗಿರಲಿಲ್ಲ. ನನ್ನ ಹೆರಿಗೆಯ ಸಮಯದಲ್ಲಿ ನನ್ನ ತಾಯಿ ಇರಲಿಲ್ಲ. ಬಿಸಿನೀರು ಎರೆಯುವಾಗ ಬೆನ್ನಿಗೆ ಯಾರ ಕೈ ಬಿದ್ದರೂ ನನಗೆ ಅಳು ಬರುತ್ತಿತ್ತು. ನನ್ನ ಮಗಳಿಗೆ ಹಾಗೆ ಆಗಬಾರದು ಎಂದು ಅವಳು ಹುಟ್ಟಿದ ದಿನವೇ ಅಂದುಕೊಂಡವಳು ನಾನು. ಈಗ ಒಂದು ಗೋಡೆ ಅಡ್ಡ ನಿಂತಿತ್ತು. "ಮಳೆಗಾಲಕ್ಕೆ ಮೊದಲು ಒಣಗಿಸ್ತೇನೆ. ಆಮೇಲೆ ನೀನೇ ಬಂದು ನೋಡಿ ಹೇಳು" ಎಂದೆ.

ಅಂಗಡಿಗಳ ಸುತ್ತಾಟ ಶುರುವಾಯಿತು. ಹೊರಗೋಡೆಗೆ ಹೊದಿಸುವುದಕ್ಕೆ ಲೋಕದಲ್ಲಿ ಇಷ್ಟೊಂದು ಬಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕಲ್ಲಿನ ತೆಳು ಚಪ್ಪಡಿ, ಮರದ ಹಾಗೆ ಕಾಣುವ ಪ್ಲಾಸ್ಟಿಕ್ ಪಟ್ಟಿ, ದೊಡ್ಡ ಶೋರೂಮುಗಳ ಮುಖಕ್ಕೆ ಹೊಡೆಯುವ ಅಲ್ಯೂಮಿನಿಯಂ ಹಾಳೆ, ಒಂದರ ಮೇಲೊಂದು ಹೊಂದಿಸಿ ಹೊಡೆಯುವ ಸಿಮೆಂಟಿನ ಹಲಗೆ. ಒಬ್ಬ ಮಾರಾಟಗಾರ, "ಮೇಡಂ, ಟೈಲ್ಸ್ ತೆಗಿಲಿಕ್ಕೇ ಇಲ್ಲ, ಅದ್ರ ಮೇಲೆ ಅಂಟಿಸುವ. ಲೈಫ್‌ಟೈಮ್ ಗ್ಯಾರಂಟಿ" ಎಂದ. "ಯಾರ ಲೈಫು, ನನ್ನದಾ ನಿನ್ನದಾ?" ಎಂದು ಕೇಳಿದೆ. ಅವನು ನಕ್ಕು ಇನ್ನೊಂದು ಸ್ಯಾಂಪಲ್ ಮುಂದಿಟ್ಟ. ಒಂದು ಚೀಲ ತುಂಬ ಸ್ಯಾಂಪಲ್ ತುಂಡುಗಳನ್ನು ತಂದು ಜಗಲಿಯಲ್ಲಿ ಹರಡಿದೆ. ಮಂಡೆ ಬಿಸಿಯಾಯಿತೇ ಹೊರತು ಒಂದೂ ತೀರ್ಮಾನವಾಗಲಿಲ್ಲ.

ಆಗ ಗಂಡ ಒಬ್ಬರನ್ನು ಕರೆದುಕೊಂಡು ಬಂದರು. ನಮ್ಮ ಪಕ್ಕದ ಮನೆಯ ಟೆರೇಸಿಗೆ ಶೀಟು ಹಾಕಿದ ಬ್ಯಾರಿ ಸಾಹೇಬರು. ಸೌದಿಯಲ್ಲಿ ಬಹಳ ವರ್ಷ ಎತ್ತರದ ಕಟ್ಟಡಗಳ ಹೊರಮೈಗೆ ಹಾಳೆ ಕೂರಿಸುವ ಕೆಲಸ ಮಾಡಿ, ವಾಪಸು ಬಂದು ವೆಲ್ಡಿಂಗ್ ಅಂಗಡಿ ಇಟ್ಟವರು. ಮನೆಮಾತು ಬೇರೆಯಾದರೂ ನನಗಿಂತ ಚಂದದ ತುಳು ಅವರದು. ಇವರು ಶೀಟೇ ಮಾರುತ್ತಾರೆ, ಇನ್ನೇನು ಹೇಳುತ್ತಾರೆ ಎಂದು ನಾನು ಮುಖ ಗಂಟಿಕ್ಕಿಕೊಂಡೇ ನಿಂತೆ. ಅವರು ನನ್ನ ಸ್ಯಾಂಪಲ್‌ಗಳ ಕಡೆ ಕಣ್ಣೂ ಹಾಯಿಸದೆ ನೇರ ಮಗಳ ಕೋಣೆಗೆ ಹೋದರು. ಗೋಡೆಗೆ ಅಂಗೈ ಇಟ್ಟರು. ಆಮೇಲೆ, "ಅಕ್ಕ, ಒಂದು ಪ್ಲಾಸ್ಟಿಕ್ ಕವರು ಉಂಟಾ?" ಎಂದರು. ಅಕ್ಕಿಯ ಕವರು ಕೊಟ್ಟೆ. ಅದನ್ನು ಬಿಡಿಸಿ, ಗೋಡೆಗೆ ಒತ್ತಿ ಹಿಡಿದು, ನಾಲ್ಕೂ ಅಂಚಿಗೆ ಟೇಪು ಹಚ್ಚಿದರು.

"ಎರಡು ದಿನ ಮುಟ್ಬೇಡಿ. ಕೋಣೆಯ ಗಾಳಿಯಲ್ಲಿ ತಂಡಿ ಇದ್ರೆ ನೀರು ಪ್ಲಾಸ್ಟಿಕ್ಕಿನ ಮೇಲೆ ಕೂತ್ಕೊಳ್ತದೆ. ಗೋಡೆಯಿಂದ ಬರುದಾದ್ರೆ ಹಿಂದೆ ಕೂತ್ಕೊಳ್ತದೆ."

"ಅದಾದ ಮೇಲೆ ಕೆಲಸ ಶುರು ಮಾಡ್ತೀರಲ್ಲ?"

"ಇಲ್ಲ ಅಕ್ಕ, ಅದಾದ ಮೇಲೆ ಒಂದು ಮಳೆ ನೋಡುವ."

"ಮಳೆ ನೋಡ್ಲಿಕ್ಕೆ ನಿಮ್ಮನ್ನು ಯಾಕೆ ಕರೀಬೇಕು ಸಾಹೇಬ್ರೇ? ನಾನು ಹುಟ್ಟಿದಾಗಿನಿಂದ ನೋಡ್ತಾ ಇದ್ದೇನೆ!" ಎಂದು ಸಿಡಿದೆ. ಅವರು ನಗುತ್ತ ಸ್ಕೂಟರು ಹತ್ತಿದರು.

ಎರಡು ದಿನ ಬಿಟ್ಟು ನೋಡಿದರೆ ಪ್ಲಾಸ್ಟಿಕ್ಕಿನ ಹಿಂದೆ ಸಾಸಿವೆಯಷ್ಟು ಗಾತ್ರದ ಹನಿಗಳು ಒತ್ತೊತ್ತಾಗಿ ಕೂತಿದ್ದವು. ಪ್ಲಂಬರ್, ಬನಿಯನ್, ಕಿಟಕಿ ಎಲ್ಲವೂ ಒಟ್ಟಿಗೆ ಖುಲಾಸೆಯಾದವು. ಏಪ್ರಿಲ್ ಮಧ್ಯದಲ್ಲಿ ಒಂದು ಸಂಜೆ ಗುಡುಗಿ ಗಾಳಿಮಳೆ ಬಂತು. ಬಂದ ಹತ್ತೇ ನಿಮಿಷಕ್ಕೆ ಸಾಹೇಬರು ರೈನ್‌ಕೋಟು ಹಾಕಿಕೊಂಡು ಹಾಜರು. ಮನೆಯೊಳಗೆ ಬರಲಿಲ್ಲ. ರಸ್ತೆಯಲ್ಲಿ ನಿಂತು ಗೋಡೆ ನೋಡಿದರು. ನಾವಿಬ್ಬರೂ ಒಂದೇ ಕೊಡೆಯಲ್ಲಿ ಅವರ ಪಕ್ಕ ನಿಂತೆವು. ದಾರಿಹೋಕರು ನಮ್ಮನ್ನು ನೋಡಿ, ನಾವು ನೋಡುತ್ತಿದ್ದ ಗೋಡೆಯನ್ನು ನೋಡಿ, ಏನೂ ಕಾಣದೆ ಮುಂದೆ ಹೋದರು. ಮಳೆ ನಿಂತ ಮೇಲೆ ಟೈಲ್ಸ್ ಥಳಥಳ ಹೊಳೆಯಿತು, ಅರ್ಧ ಗಂಟೆಯಲ್ಲಿ ಒಣಗಿತು. "ನೋಡಿ, ಹೊರಗೆ ಎಷ್ಟು ಬೇಗ ಒಣಗ್ತದೆ!" ಎಂದೆ ನಾನು.

ಸಾಹೇಬರು ಕುಕ್ಕರಗಾಲಿನಲ್ಲಿ ಕೂತು, ಕೆಳಸಾಲಿನ ಒಂದು ಟೈಲ್ಸಿನ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರು. ಅದರ ಹಿಂದಿನಿಂದ ನೀರು ನೂಲಿನಂತೆ ಇಳಿಯಿತು. ನಿಲ್ಲಲೇ ಇಲ್ಲ.

"ಮೇಲಿನ ಸಂದಿಯಲ್ಲಿ ಒಳಗೆ ಹೋಗ್ತದೆ ಅಕ್ಕ. ಹೊರಗೆ ಬರ್ಲಿಕ್ಕೆ ದಾರಿ ಇಲ್ಲ. ಕಲ್ಲು ಕುಡೀತದೆ, ಒಳಗಿನ ಕೋಣೆಗೆ ಬಿಡ್ತದೆ. ಒದ್ದೆ ಬನಿಯನಿನ ಮೇಲೆ ರೈನ್‌ಕೋಟು ಹಾಕಿದ ಹಾಗೆ ಆಗಿದೆ ಇದು." ಆಮೇಲೆ ಎದ್ದು ಕೈ ಒರೆಸಿಕೊಳ್ಳುತ್ತ ಕೇಳಿದರು, "ಈ ಟೈಲ್ಸ್ ಹಾಕಿಸಿದ್ದು ಯಾರು?"

ಅದು ಹೋದ ಆಟಿಯಿಂದ ಕೇಳಬಾರದೆಂದು ನಾನು ಓಡಿಹೋಗುತ್ತಿದ್ದ ಪ್ರಶ್ನೆ. ಗಂಡ ತೆಂಗಿನ ಮರದ ತುದಿ ನೋಡುತ್ತ, "ನಾವು" ಎಂದರು.

"ನಾವು ಅಲ್ಲ, ನಾನು. ಅವರು ಬೇಡ ಅಂದಿದ್ರು" ಎಂದೆ. ಅಷ್ಟು ಹೇಳುವಾಗ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಮಗಳ ಎದೆಯ ಆ ಸುಂಯ್ ಸದ್ದನ್ನು ನಾನೇ ಅಂಗಡಿಯಿಂದ ಆರಿಸಿ ತಂದು ಅಂಟಿಸಿದ್ದೆ. ಸಾಹೇಬರು ಗಾಬರಿಯಾಗಿ, "ಅಯ್ಯೋ, ಅದಕ್ಕೆಲ್ಲ ಯಾಕೆ ಅಕ್ಕ ಮರುಗುದು? ಮನೆ ಅಂದ ಮೇಲೆ ಎಲ್ಲರೂ ಮಾಡ್ತಾರೆ" ಎಂದರು. ಮಾತು ತಿರುಗಿಸಲು ಮಾಡಿನ ಅಂಚಿನ ತುಕ್ಕು ಹಿಡಿದ ಕೊಕ್ಕೆಗಳನ್ನು ತೋರಿಸಿ, ಅವು ಎಂತಕ್ಕೆ ಎಂದು ಕೇಳಿದರು. ಅತ್ತೆಯ ಮಡಲಿನ ಕಥೆ ಹೇಳಿದೆ.

"ಗೋಡೆಗೆ ತಾಗಿಸಿ ಕಟ್ತಿದ್ರಾ?"

"ಇಲ್ಲ, ಒಂದು ಗೇಣು ಬಿಟ್ಟು."

"ಹಾಗಾದ್ರೆ ಸರಿ. ಸೌದಿಯಲ್ಲಿ ಎಂಜಿನಿಯರುಗಳು ನಮಗೆ ಕಲಿಸಿದ್ದು ಅದೇ. ಹೊರಗೆ ಎಂತ ಬೇಕಾದ್ರೂ ಹಾಕಿ, ಹಿಂದೆ ಗಾಳಿಗೆ ಜಾಗ ಬಿಡಿ, ಕೆಳಗೆ ನೀರಿಗೆ ದಾರಿ ಬಿಡಿ."

ಅಷ್ಟು ತಿಳಿದ ಮೇಲೆ ಆರಿಸುವುದು ಸಲೀಸಾಯಿತು. ಅಂಟಿಸುವಂಥದ್ದೆಲ್ಲ ಚೀಲಕ್ಕೆ ವಾಪಸು ಹೋಯಿತು. ಉಳಿದದ್ದು ಎರಡೇ: ಸಿಮೆಂಟಿನ ಹಲಗೆ ಮತ್ತು ಸಾಹೇಬರು ಟೆರೇಸಿಗೆ ಹಾಕುವಂಥ ತಗಡಿನ ಶೀಟು. ಹಲಗೆ ನೋಡಲು ಚಂದ, ಒಪ್ಪುತ್ತೇನೆ. ಆದರೆ ಸಾಹೇಬರು, "ಶೀಟು ಆದ್ರೆ ಯಾವಾಗ ಬೇಕಾದ್ರೂ ಸ್ಕ್ರೂ ಬಿಚ್ಚಿ ಹಿಂದೆ ನೋಡ್ಬಹುದು" ಎಂದರು. ನನಗೆ ಅಷ್ಟೇ ಸಾಕಾಯಿತು. ಹಿಂದೆ ನೋಡಲಾಗದ ಯಾವುದನ್ನೂ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಉಪ್ಪುಗಾಳಿಗೆ ಕಬ್ಬಿಣ ಬೇಡ, ಅಲ್ಯೂಮಿನಿಯಂ ಇರಲಿ ಎಂದರು. ಹಂಚಿನ ಕೆಂಪು ಬಣ್ಣದ್ದು ಹೇಳಿದೆ.

ಟೈಲ್ಸ್ ಒಡೆಯುವ ದಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂತೆ. ಒಂದೊಂದು ಬೀಳುವಾಗಲೂ ಹಿಂದೆ ಮುರಕಲ್ಲಿನ ತೇವದ ವಾಸನೆ ಹೊರಬರುತ್ತಿತ್ತು. ಹೊಟ್ಟೆ ಉರಿಯುತ್ತದೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಚಪ್ಪಲಿಯೊಳಗಿನ ಕಲ್ಲು ತೆಗೆದಷ್ಟು ಹಗುರವಾಯಿತು. ಆಮೇಲೆ ಗೋಡೆ ಇಡೀ ಒಂದು ತಿಂಗಳು ಬಿಸಿಲಿಗೆ ಬಿದ್ದುಕೊಂಡಿತು. ಬೆಳಗ್ಗೆ ಎದ್ದ ಕೂಡಲೇ ಹೋಗಿ ಕೈ ಇಟ್ಟು ನೋಡುತ್ತಿದ್ದೆ. "ಜ್ವರ ಇಳಿಯಿತಾ?" ಎಂದು ಗಂಡ ಕೇಳುತ್ತಿದ್ದರು. ನನಗೆ ಬೇರೆಯೇ ಸಿಟ್ಟು. ಈ ಮನುಷ್ಯ ಒಮ್ಮೆಯಾದರೂ "ನಾನು ಆಗಲೇ ಹೇಳಿದ್ದೆ" ಎಂದಿದ್ದರೆ ಜಗಳ ಮಾಡಿ ಹಗುರಾಗಬಹುದಿತ್ತು. ಅನ್ನಲೇ ಇಲ್ಲ ಪುಣ್ಯಾತ್ಮ.

ಮೇ ಕೊನೆಯ ವಾರ ಸಾಹೇಬರ ಜನ ಬಂದರು. ಗೋಡೆಗೆ ನೆಟ್ಟಗೆ ಪಟ್ಟಿಗಳನ್ನು ಕೂರಿಸಿ, ಅದರ ಮೇಲೆ ಶೀಟು. ನಡುವೆ ಎರಡು ಬೆರಳು ಗಾಳಿ. ಕೆಳಗೆ ಇಲಿ ನುಗ್ಗದ ಹಾಗೆ ಬಲೆ, ಕಿಟಕಿಯ ಮೇಲೆ ನೀರು ಜಾರುವ ಹಾಗೆ ಬಾಗಿದ ಪಟ್ಟಿ. ಎದುರು ಮನೆಯಾಕೆ ಗೇಟಿನಿಂದಲೇ, "ಎಂತ ಅಕ್ಕ, ಮನೆಯನ್ನು ಗೋಡೌನ್ ಮಾಡಿದ್ದಾ?" ಎಂದು ಕೇಳಿದಳು. "ಹೌದು ಮಾರಾಯ್ತಿ, ನಿನಗೆ ಎಂತಾದ್ರೂ ಇಡ್ಲಿಕ್ಕೆ ಉಂಟಾ?" ಎಂದೆ. ನಿಜ ಹೇಳಬೇಕೆಂದರೆ ಗೋಡೌನಿನ ಹಾಗೆಯೇ ಕಾಣುತ್ತದೆ.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ವಾರ ಎಡೆಬಿಡದೆ ಹೊಡೆದ ಮೇಲೆ, ಕೋಣೆಯ ಗೋಡೆಗೆ ಈ ಸಲ ನಾನೇ ಪ್ಲಾಸ್ಟಿಕ್ ಹಚ್ಚಿದೆ. ಎರಡು ದಿನ ಬಿಟ್ಟು ಕಿತ್ತರೆ ಹಿಂದೆ ಒಂದು ಹನಿ ಇಲ್ಲ. ಗಂಡನನ್ನು ಕೂಗಿ ಕರೆದು ತೋರಿಸಿದೆ, ಸಾಹೇಬರಿಗೆ ಫೋನು ಮಾಡಿ ಹೇಳಿದೆ, ಮಗಳಿಗೆ ಫೋಟೋ ಕಳಿಸಿದೆ. ಏನೂ ಇಲ್ಲದ ಪ್ಲಾಸ್ಟಿಕ್ಕಿನ ಫೋಟೋ.

ಮಗಳು ಮೂರು ದಿನಕ್ಕೆಂದು ಬಂದಳು. ಸಣ್ಣ ಚೀಲ, ಅದರ ಮೇಲೆಯೇ ಕಾಣುವ ಹಾಗೆ ದಮ್ಮಿನ ಔಷಧಿ ಎಳೆದುಕೊಳ್ಳುವ ಪಂಪು. ದಮ್ಮು ಬಂದರೆ ಆ ಕ್ಷಣವೇ ಹೊರಡುವುದು, ಬಾರದಿದ್ದರೆ ಆಲೋಚಿಸುವುದು ಎಂದು ಅವಳ ಮನೆಯಲ್ಲಿ ಮಾತಾಗಿತ್ತು. ಮೊದಲ ದಿನ ಅವಳು ಒಂದು ಸಲ ಕೆಮ್ಮಿದಳು. ನಾನು ಒಗ್ಗರಣೆ ಬಿಟ್ಟು ಓಡಿದೆ. "ಒಗ್ಗರಣೆಯ ಘಾಟು ಅಮ್ಮ!" ಎಂದಳು. ಎರಡನೆಯ ದಿನ ಏನೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದಳು. ಗಾಳಿಯೊಂದಿಗೆ ಮಳೆ ಬಂತು, ಶೀಟಿನ ಮೇಲೆ ಒಂದೇ ಸಮನೆ ಬಡಿಯತೊಡಗಿತು. ನಾನು ಬಾಗಿಲಲ್ಲಿ ನಿಂತು ಅವಳ ಉಸಿರಿಗೆ ಕಿವಿಗೊಟ್ಟೆ. ಕೇಳಿಸಲಿಲ್ಲ. ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತೆ. ಆಗಲೂ ಇಲ್ಲ. ಬಗ್ಗಿ ಅವಳ ಎದೆಯ ಹತ್ತಿರ ಕಿವಿ ತಂದಾಗ ಅವಳು ಕಣ್ಣು ಬಿಟ್ಟಳು.

"ಎಂತ ಅಮ್ಮ, ಬದುಕಿದ್ದೇನಾ ಅಂತ ನೋಡುದಾ?"

"ಥೂ, ಬಾಯಿ ಮುಚ್ಚು. ಎಂತ ಮಾತು ಅದು!" ಎಂದೆ. ಆಮೇಲೆ, ಆಗ ಹೇಳದಿದ್ದರೆ ಇನ್ನು ಹೇಳಲಾರೆ ಅನ್ನಿಸಿ, ಹೇಳಿಬಿಟ್ಟೆ. "ಹೋದ ಆಟಿಯಲ್ಲಿ ನಿನಗೆ ದಮ್ಮು ಬಂದದ್ದು ನನ್ನಿಂದ. ಆ ಟೈಲ್ಸಿನಿಂದ."

"ಗೊತ್ತುಂಟು. ಅಪ್ಪ ಆಗಲೇ ಹೇಳಿದ್ರು, ಟೈಲ್ಸಿನದ್ದೇ ಇರ್ಬೇಕು ಅಂತ."

"ಆಗಲೇ? ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಟಕ್ಕೆ ಇನ್ನೊಂದು ಸಾಲು ಟೈಲ್ಸ್ ಹಾಕಿಸ್ತಾಳೆ ಅಂದ್ರು."

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಆ ಮನುಷ್ಯನಿಗೆ ಇದೆಲ್ಲ ಕೇಳಿಸಿತ್ತು. ಪೇಪರು ಸ್ವಲ್ಪ ಮೇಲಕ್ಕೆ ಹೋಯಿತು. ಮಗಳು ಮಗ್ಗುಲು ಬದಲಿಸಿ, ಗೋಡೆಗೆ ಅಂಗೈ ತಾಗಿಸಿ, ನನ್ನ ಕಡೆ ಬೆನ್ನು ಮಾಡಿ ಮಲಗಿದಳು. ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಅತ್ತೆಗೆ ಬೆಳಗ್ಗೆಯೇ ಫೋನ್ ಮಾಡಿದೆ ಅಮ್ಮ. ನನ್ನ ಆಸ್ಪತ್ರೆಯ ಫೈಲು, ಉಳಿದ ಬಟ್ಟೆ ಎಲ್ಲ ಸಂಜೆ ಇವರ ಹತ್ರ ಕಳಿಸ್ತಾರಂತೆ. ಬಾಣಂತನಕ್ಕೆ ನಾನು ಇಲ್ಲೇ."

ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತೆ. ಅದು ಬೆಚ್ಚಗಿತ್ತು, ಮೆಲ್ಲಗೆ ಏರುತ್ತ ಇಳಿಯುತ್ತ ಇತ್ತು.